ಮಗಳು ತಂದ ಅಪ್ಪನ ಜನತಾ

ಅಪ್ಪ ತೀರಿಕೊಂಡ ಮೇಲೆ ಬೀರುವಿನಲ್ಲೇ ಉಳಿದಿದ್ದ ಎಚ್‌ಎಂಟಿ ಜನತಾ ವಾಚನ್ನು ಮಗಳು ರಿಪೇರಿಗೆ ತಂದಿದ್ದರು. "ಕೀ ಜಾಸ್ತಿ ಕೊಟ್ಟು ಬಿಗಿದುಕೊಂಡಿದೆ, ಅಲ್ವಾ?" ಎಂದು ಕೇಳಿದರು. ಬಹಳ ಜನ ಹೀಗೇ ನಂಬಿದ್ದಾರೆ, ಆದರೆ ಕಾರಣ ಅದಲ್ಲ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡೂ ವಾಚು ನಿಂತಿದೆ ಎಂದರೆ ಸ್ಪ್ರಿಂಗಿನ ಬಲ ಬ್ಯಾಲೆನ್ಸ್‌ವರೆಗೆ, ಅಂದರೆ ಅತ್ತಿತ್ತ ತೂಗಿ ಸಮಯ ಅಳೆಯುವ ಚಕ್ರದವರೆಗೆ, ತಲುಪುತ್ತಿಲ್ಲ. ಸಾಮಾನ್ಯವಾಗಿ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಪರಂಪರೆ ಇದು. 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲುಗಳು), ಗಂಟೆಗೆ 18,000 ಬಡಿತ. ರಚನೆ ಸರಳ, ಹಳೇ ವಾಚುಗಳಿಂದ ಬಿಡಿಭಾಗವೂ ಸಿಗುತ್ತದೆ.

ಬಿಚ್ಚುವ ಮೊದಲು ಸ್ಪ್ರಿಂಗಿನ ಬಲ ಇಳಿಸಲೇಬೇಕು. ಕೀಯನ್ನು ಬೆರಳಲ್ಲಿ ಹಿಡಿದು, ಸ್ಪ್ರಿಂಗ್ ಹಿಂದಕ್ಕೆ ಬಿಚ್ಚದಂತೆ ತಡೆಯುವ ಕ್ಲಿಕ್ಕನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ತಿರುಗಲು ಬಿಡಬೇಕು. ಇದನ್ನು ಬಿಟ್ಟು, ಚಕ್ರಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ಫೋರ್ಕ್ ತೆಗೆದರೆ ಚಕ್ರಗಳು ಭರ್ರನೆ ತಿರುಗಿ ಪಿವಟ್ (ಅಚ್ಚಿನ ಸಣ್ಣ ತುದಿ) ಮುರಿಯಬಹುದು. ಕೀ ಕಡ್ಡಿ ಹೊರತೆಗೆಯಲು ಅದರ ಸ್ಕ್ರೂ ಒಂದು ಸುತ್ತು ಸಡಿಲಿಸಿದರೆ ಸಾಕು. ಹೆಚ್ಚು ತಿರುಗಿಸಿದರೆ ಡಯಲಿನ ಕೆಳಗಿನ ಲಿವರ್ ಕಳಚಿಕೊಂಡು ಡಯಲನ್ನೂ ತೆಗೆಯಬೇಕಾಗುತ್ತದೆ. ಬ್ಯಾಲೆನ್ಸ್ ಜ್ಯುವೆಲ್ ಮೇಲಿನ ಪೆಟ್ಟು ತಡೆಯುವ ಪುಟ್ಟ ಶಾಕ್ ಸ್ಪ್ರಿಂಗ್ ಹಾರಿ ಕಳೆದುಹೋಗುವುದೇ ಹೆಚ್ಚು. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಬಿಚ್ಚಿದರೆ ಹಾರಿದರೂ ಸಿಗುತ್ತದೆ.

ತೊಳೆಯಲು ಬಿಳಿ ಪೆಟ್ರೋಲ್. ಫೋರ್ಕಿನ ತುದಿಯ ಪ್ಯಾಲೆಟ್ ಕಲ್ಲುಗಳನ್ನು ಅರಗಿನಿಂದ ಅಂಟಿಸಿರುವುದರಿಂದ ಫೋರ್ಕನ್ನು ಆಲ್ಕೋಹಾಲಿನಲ್ಲಿ ನೆನೆಸಬಾರದು, ಅರಗು ಕರಗುತ್ತದೆ. ಜ್ಯುವೆಲ್ ರಂಧ್ರಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ, ಕಡ್ಡಿಯ ತುದಿಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಉಜ್ಜಬೇಕು. ಈ ಕೆಲಸಕ್ಕೆ ಬೇಸರಪಟ್ಟರೆ ಮುಂದಿನದೆಲ್ಲ ವ್ಯರ್ಥ. ಮುಖ್ಯ ಸ್ಪ್ರಿಂಗ್ ಡಬ್ಬಿಯಿಂದ ಹೊರಬಂದಾಗ ಅಗಲವಾಗಿ ಬಿಚ್ಚಿಕೊಳ್ಳಬೇಕು. ಇಲ್ಲಿ ಸುರುಳಿಯಾಗಿಯೇ ಉಳಿಯಿತು, ಅದರ ಕಸುವು ಮುಗಿದಿತ್ತು. ಅದೇ ಅಗಲ, ದಪ್ಪ, ಉದ್ದದ ಹೊಸದನ್ನು ಹಾಕಿದ್ದಾಯಿತು.

ಎಣ್ಣೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಹೊಲಿಗೆ ಯಂತ್ರದ ಎಣ್ಣೆ, ಸ್ಪ್ರೇ ಯಾವುದೂ ಬೇಡ. ವೇಗದ ಪಿವಟ್‌ಗಳಿಗೆ ಮೋಬಿಯಸ್ ಕಂಪನಿಯ ತೆಳು ವಾಚ್ ಎಣ್ಣೆ 9010, ನಿಧಾನದವಕ್ಕೆ ದಪ್ಪ ಎಣ್ಣೆ, ಪ್ಯಾಲೆಟ್ ಕಲ್ಲಿನ ಮುಖಕ್ಕೆ ಅದೇ ಕಂಪನಿಯ 9415. ಸೂಜಿ ಮೊನೆಯಷ್ಟು ಸಾಕು, ರಂಧ್ರದ ಬಟ್ಟಲಿನ ಅರ್ಧ ತುಂಬಿದರೆ ಮುಗಿಯಿತು. ಚಕ್ರದ ಹಲ್ಲು, ಪ್ಯಾಲೆಟ್ ಪಿವಟ್, ಬ್ಯಾಲೆನ್ಸಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ಗೆ ಎಣ್ಣೆ ತಾಗಲೇಬಾರದು. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದರೆ ವಾಚು ವಿಪರೀತ ಮುಂದೆ ಓಡುತ್ತದೆ. ಕಾಂತತ್ವ ಹತ್ತಿದ್ದರೂ ಅದೇ ಲಕ್ಷಣ. ನಡೆಯುವ ವಾಚಿನ ಮೇಲೆ ದಿಕ್ಸೂಚಿ ಹಿಡಿದಾಗ ಮುಳ್ಳು ನಡುಗಿದರೆ ಕಾಂತತ್ವ ತೆಗೆಯುವ ಡಿಮ್ಯಾಗ್ನೆಟೈಸರ್ ಬೇಕು.

ವಾಚಿನ ಬಡಿತ ಅಳೆಯುವ ಟೈಮ್‌ಗ್ರಾಫರಿನಲ್ಲಿ, ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖವಾಗಿಟ್ಟಾಗ ಬ್ಯಾಲೆನ್ಸಿನ ತೂಗು 270 ಡಿಗ್ರಿ ಸುತ್ತಮುತ್ತ, ಬೀಟ್ ಎರರ್ (ಟಿಕ್ ಮತ್ತು ಟಾಕ್ ನಡುವಿನ ಅಸಮತೆ) 1 ಮಿಲಿಸೆಕೆಂಡಿಗಿಂತ ಕಡಿಮೆ ಬಂದರೆ ಸರ್ವಿಸ್ ಸರಿಯಾಗಿದೆ. ವಾಚನ್ನು ನೆಟ್ಟಗೆ, ಲಂಬವಾಗಿ ಹಿಡಿದಾಗ ತೂಗು ಸ್ವಲ್ಪ ಇಳಿಯುವುದು ಸಹಜ.

ಡಯಲಿಗೆ ಹೊಸ ಬಣ್ಣ ಬೇಡವೆಂದು ಅವರಿಗೆ ಒತ್ತಿ ಹೇಳಿದ್ದಾಯಿತು. ಮಾಸಿದ್ದರೂ ಅವರ ಅಪ್ಪ ನೋಡುತ್ತಿದ್ದದ್ದು ಆ ಡಯಲನ್ನೇ. ಗಾಜು ಮಾತ್ರ ಬದಲಾಯಿತು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ತಡೆ ಸಿಗುವವರೆಗೆ ಕೀ ಕೊಡಬೇಕು. ಕೈತೊಳೆಯುವಾಗ ಬಿಚ್ಚಿಡಬೇಕು.