ಏಳು ಅಸ್ಥಿಪಂಜರಗಳು

ನಿನ್ನೆ ರಾತ್ರಿ ಅಕ್ಕನ ಮಗನ ಜೊತೆ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಮತ್ತೆ ನೋಡಿದೆ. 1963ರ ಸಿನಿಮಾ.

ಮುಕ್ಕಾಲು ಸಿನಿಮಾ ಅವನ ಕಣ್ಣು ಮೊಬೈಲ್ ಮೇಲೇ ಇತ್ತು. ಕೊನೆಗೆ ನೆಲ ಸೀಳಿಕೊಂಡು ಅಸ್ಥಿಪಂಜರಗಳು ಎದ್ದವು ನೋಡಿ, ಮೊಬೈಲ್ ಮಗುಚಿ ಇಟ್ಟ.

‘ಮಾಮ, ಇದನ್ನ ಹೆಂಗೆ ಮಾಡಿದ್ರು?’

ಕೈಯಲ್ಲೇ ಕಣೋ. ರೇ ಹ್ಯಾರಿಹೌಸನ್ ಅಂತ, ಸ್ಪೆಷಲ್ ಎಫೆಕ್ಟ್ಸ್ ಮಾಡ್ತಿದ್ದವರು. ಪುಟ್ಟ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸೋದು, ಒಂದು ಫ್ರೇಮ್, ಅಂದ್ರೆ ಒಂದೇ ಒಂದು ಚಿತ್ರ, ತೆಗೆಯೋದು. ಮತ್ತೆ ಸರಿಸೋದು. ಸೆಕೆಂಡಿಗೆ 24 ಫ್ರೇಮ್. ಏಳು ಅಸ್ಥಿಪಂಜರ, ಎದುರಿಗೆ ಮೂವರು ಮನುಷ್ಯರು. ಕೆಲವೇ ನಿಮಿಷದ ಆ ಕಾಳಗಕ್ಕೆ ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು.

ನನಗೆ ಹೊಡೆದಾಟಕ್ಕಿಂತ ಅದರ ಮುಂಚಿನ ಗಳಿಗೆ ಇಷ್ಟ. ಅವು ಎದ್ದ ಕೂಡಲೇ ಓಡಿ ಬರುವುದಿಲ್ಲ. ಗುರಾಣಿ ಹಿಡಿದು, ಸ್ವಲ್ಪ ಬಗ್ಗಿ, ಒಂದೊಂದೇ ಹೆಜ್ಜೆ. ಆಮೇಲೆ ಕಿರುಚಿಕೊಂಡು ಒಮ್ಮೆಲೇ ನುಗ್ಗುತ್ತವೆ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಈಗಿನ ಫ್ಯಾಂಟಸಿ ಸಿನಿಮಾಗಳಲ್ಲಿ ಸಾವಿರ ರಾಕ್ಷಸರು ಒಟ್ಟಿಗೆ ಬರುತ್ತಾರೆ. ಒಬ್ಬನೂ ನೆನಪಲ್ಲಿ ಉಳಿಯುವುದಿಲ್ಲ. ಈ ಏಳಕ್ಕೆ ಮುಖವೇ ಇಲ್ಲ, ಬರೀ ಮೂಳೆ. ಆದರೂ ಒಂದೊಂದಕ್ಕೂ ಸಿಟ್ಟಿದೆ, ಅಲ್ವಾ?

ಹುಡುಗ ಆ ದೃಶ್ಯವನ್ನು ಮೂರು ಸಲ ಹಾಕಿಸಿಕೊಂಡ. ಇವತ್ತು ಬೆಳಗ್ಗೆಯಿಂದ ಹಾಲ್‌ನಲ್ಲಿ ಪ್ಲಾಸ್ಟಿಕ್ ಡೈನೋಸಾರ್ ಇಟ್ಟುಕೊಂಡು ಒಂದೊಂದೇ ಫೋಟೋ ತೆಗೆಯುತ್ತಿದ್ದಾನೆ.