ಬಾಗೇಪಲ್ಲಿಯ ಅಜ್ಜಿಗೂ ಅದೇ 15 ಪ್ರಶ್ನೆ

ಹಿರಿಯರ ಖಿನ್ನತೆ ಅಳೆಯಲು ಹೆಚ್ಚು ಬಳಸುವ ಪ್ರಶ್ನಾವಳಿ ಜಿಡಿಎಸ್-15 (ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್). 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಕಳೆದ ಒಂದು ವಾರದ ಬಗ್ಗೆ 15 ಪ್ರಶ್ನೆ, ಹೌದು-ಇಲ್ಲ ಉತ್ತರ. 5ಕ್ಕಿಂತ ಹೆಚ್ಚು ಅಂಕ ಬಂದರೆ ವೈದ್ಯರು ಕೂತು ವಿಚಾರಿಸಬೇಕು. ಅಷ್ಟಕ್ಕೇ ಕಾಯಿಲೆ ಅಂತ ಬರೆದುಬಿಡುವಂತಿಲ್ಲ.

ಮೊದಲ ಎಡವಟ್ಟು ಕೂಡುವಾಗಲೇ. 1, 5, 7, 11, 13ನೇ ಪ್ರಶ್ನೆಗಳು ತೃಪ್ತಿ, ಖುಷಿ, ಚೈತನ್ಯದಂಥ ಒಳ್ಳೆಯದರ ಬಗ್ಗೆ, ಹಾಗಾಗಿ ಅವಕ್ಕೆ 'ಇಲ್ಲ' ಅಂದರೆ ಅಂಕ; ಉಳಿದವಕ್ಕೆ 'ಹೌದು' ಅಂದರೆ. ಎಲ್ಲ 'ಹೌದು'ಗಳನ್ನೂ ಎಣಿಸಿದರೆ ನಗುನಗುತ್ತಾ ಇರುವವರಿಗೂ 5 ಬೀಳುತ್ತೆ!

9ನೇದು ಇನ್ನೂ ಕಷ್ಟ: ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ? ಫ್ಲೋರೈಡ್ ನೀರು ಕುಡಿದು ಕೀಲು ಹಿಡಿದ ಅಜ್ಜಿ 'ಹೌದು' ಅನ್ನದೆ ಏನು ಮಾಡ್ತಾರೆ? 13ನೇದು ಮೈಯಲ್ಲಿನ ಚೈತನ್ಯದ್ದು, 'ಇಲ್ಲ' ಅಂದರೆ ಅಲ್ಲೂ ಒಂದು ಅಂಕ. ಎರಡು ಅಂಕ ಮಂಡಿಯದ್ದು, ಮನಸ್ಸಿನದ್ದಲ್ಲ.

ಭಾಷೆ, ಬದುಕು ಬದಲಾದರೆ ಅದೇ ಪ್ರಶ್ನೆಗೆ ಉತ್ತರವೂ ಬದಲಾಗಬಹುದು. ಹಾಗಾಗಿ ಸಮೀಕ್ಷೆ ಮಾಡುವವರು ಬಾಗೇಪಲ್ಲಿಯ ತೆಲುಗು ಮನೆ, ಚಿಂತಾಮಣಿಯ ಉರ್ದು ಮನೆ, ಗೌರಿಬಿದನೂರಿನ ಕನ್ನಡ ಮನೆಗಳ ಸರಾಸರಿಯನ್ನು ನೇರವಾಗಿ ಹೋಲಿಸಬೇಡಿ. ಒಟ್ಟು ಅಂಕ ಒಂದೇ ಇರುವವರನ್ನು ಗುಂಪುವಾರು ಎದುರಿಗಿಟ್ಟು, ಒಂದೊಂದು ಪ್ರಶ್ನೆಗೂ ಉತ್ತರ ಹೇಗಿದೆ ನೋಡಿ. ಒಂದು ಪ್ರಶ್ನೆಯಲ್ಲಿ ಮಾತ್ರ ದೊಡ್ಡ ಅಂತರವಿದ್ದರೆ ಅನುಮಾನ ಆ ಪ್ರಶ್ನೆಯ ಮೇಲೆ. ಸದ್ದಿಲ್ಲದೆ ಅದನ್ನು ಕಿತ್ತುಹಾಕಬೇಡಿ. ಸೇರಿಸಿಯೂ ಬಿಟ್ಟೂ ಎರಡೂ ಲೆಕ್ಕ ಕೊಡಿ.

ಸೊಸೆ ಬಾಗಿಲಲ್ಲಿ ನಿಂತಿದ್ದರೆ ಉತ್ತರ ಒಂದೇ: 'ಏನೂ ತೊಂದ್ರೆ ಇಲ್ಲಮ್ಮ'. ಕಿವಿ ಮಂದವಾದವರ ಹತ್ತಿರ ಜಗಲಿಯಲ್ಲಿ ಕೂತು ಕೂಗಿ ಕೇಳುವುದೂ ಅಷ್ಟೇ ವ್ಯರ್ಥ. ಒಳಗೆ, ಒಬ್ಬರೇ ಇರುವಾಗ ಓದಿಹೇಳಿ.

'ದೇವರು ಬೇಗ ಕರ್ಕೊಂಡ್ರೆ ಸಾಕು' ಅನ್ನುವುದು ನಮ್ಮ ಕಡೆ ವಾಡಿಕೆ ಮಾತು. ಆದರೂ ಹಾಗೇ ಬಿಡಬೇಡಿ, ತಾವಾಗಿಯೇ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ. ಇದೆ ಅಂದರೆ ಒಂಟಿ ಬಿಡದೆ ಅವತ್ತೇ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416.