ಬೆಲ್ಲ ಲಿಟರ್ ಬಾಕ್ಸ್ ಬಿಟ್ಟಿದ್ದೇಕೆ

ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು, "ಹಠಕ್ಕೆ ಮಾಡ್ತಿದೆ." ನಮ್ಮ ಬೆಲ್ಲನ ವಿಷಯದಲ್ಲಿ ಅತ್ತೆಯೂ ಅದನ್ನೇ ಅಂದರು. ಅವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾವು ಊರಿಗೆ ಹೋಗಿ ಬಂದಿದ್ದೆವಲ್ಲ, ಆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ ಅಂತ. ನನಗೆ ಹಾಗನ್ನಿಸಲಿಲ್ಲ. ನಾಲ್ಕು ವರ್ಷದ ಗಂಡು ಬೆಕ್ಕು, ಆಪರೇಷನ್ ಆಗಿದೆ, ಮರಿಯಾಗಿದ್ದಾಗಿನಿಂದ ಯುಟಿಲಿಟಿಯಲ್ಲಿಟ್ಟ ಲಿಟರ್ ಬಾಕ್ಸ್, ಅಂದರೆ ಜೇಡಿಯ ಹರಳು ತುಂಬಿದ ಬೆಕ್ಕಿನ ಕಕ್ಕಸಿನ ಡಬ್ಬ, ಬಿಟ್ಟು ಬೇರೆಲ್ಲೂ ಕೂತವನಲ್ಲ. ಮೇಲಾಗಿ ಅವನು ಹಾಸಿಗೆ ಮೇಲೆ ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬೆನ್ನು ಬಾಗಿಸಿ, ಕಿವಿ ಹಿಂದಕ್ಕೆ ಮಡಚಿ, ತುಂಬ ಹೊತ್ತು ತಿಣುಕಿದ. ಎದ್ದು ಹೋದ ಮೇಲೆ ನೋಡಿದರೆ ಐದು ರೂಪಾಯಿ ನಾಣ್ಯದಷ್ಟಗಲ ಒದ್ದೆ, ಅದರಲ್ಲಿ ತಿಳಿ ಗುಲಾಬಿ ಬಣ್ಣ. ಸಿಟ್ಟು ಬಂದ ಪ್ರಾಣಿ ಹಾಗೆ ಸಂಕಟಪಡುವುದಿಲ್ಲ.

ಗಂಡು ಬೆಕ್ಕಾದರೆ ಇದನ್ನು ನಾಳೆ ನೋಡೋಣ ಅನ್ನುವಂತೆಯೇ ಇಲ್ಲ. ಅವುಗಳ ಮೂತ್ರನಾಳ ತೀರಾ ಕಿರಿದು. ಹರಳಿನ ಪುಡಿಯೋ ಲೋಳೆಯೋ ಸೇರಿ ಕಟ್ಟಿಕೊಂಡರೆ ಮೂತ್ರ ಪೂರ್ತಿ ನಿಂತುಹೋಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, 24ರಿಂದ 48 ಗಂಟೆಯೊಳಗೆ ಜೀವಕ್ಕೇ ಕುತ್ತು ಬರುತ್ತದೆ. ಬಾಕ್ಸಿಗೆ ಮತ್ತೆ ಮತ್ತೆ ಹೋಗಿ ಕೂತು ಏನೂ ಬಾರದೆ ಎದ್ದರೆ ಮಲಬದ್ಧತೆ ಇರಬೇಕು ಅಂದುಕೊಂಡು ಮನೆಮದ್ದು ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರ, ಹೆಬ್ಬಾಳ ಹತ್ತಿರವೇ. ಬೆಳಿಗ್ಗೆಯೇ ಬುಟ್ಟಿಗೆ ಟವೆಲ್ ಹಾಸಿ ಬೆಲ್ಲನನ್ನು ಕೂರಿಸಿಕೊಂಡು ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಮೊದಲು ಮಾಡಿದ ಕೆಲಸ ಅವನ ಹೊಟ್ಟೆ ಒತ್ತಿ ನೋಡಿದ್ದು. ಕಟ್ಟಿಕೊಂಡಿದ್ದರೆ ಮೂತ್ರಕೋಶ ಊದಿ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತಂತೆ. ಇವನದು ಮೆತ್ತಗಿತ್ತು. ಅಲ್ಲಿಗೆ ಅರ್ಧ ಜೀವ ಬಂತು. ಮೂತ್ರ ಪರೀಕ್ಷೆಯಾಯಿತು, ಸ್ಕ್ಯಾನ್ ಆಯಿತು. ಕಲ್ಲಿಲ್ಲ, ಸೋಂಕಿಲ್ಲ, ಮೂತ್ರಕೋಶದಲ್ಲಿ ಉರಿಯೂತ ಮಾತ್ರ ಇತ್ತು.

"ಈ ತೊಂದರೆ ಅಂತ ಬರೋ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಇದೇ ಕಾರಣ. ಬ್ಯಾಕ್ಟೀರಿಯಾ ಇರಲ್ಲ, ಆಂಟಿಬಯಾಟಿಕ್ ಬೇಕಾಗಲ್ಲ. ದಿಗಿಲಾದ್ರೆ ಇವಕ್ಕೆ ಅದು ಮೂತ್ರಕೋಶದಲ್ಲೇ ಕಾಣಿಸ್ಕೊಳ್ಳೋದು. ನೋವಿಗೆ ಔಷಧ ಕೊಡ್ತೀನಿ. ಆದ್ರೆ ಮನೇಲಿ ಏನು ಬದಲಾಗಿದೆ ಅಂತ ನೀವೇ ಹುಡುಕ್ಬೇಕು ಮೇಡಂ," ಅಂದರು. ನಾವು ಹೊರಡುವಾಗ ಮತ್ತೆ ಕರೆದು, ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಯಾವ ಕಾರಣಕ್ಕೂ ಕೊಟ್ಟುಬಿಡಬೇಡಿ, ಒಂದೇ ಮಾತ್ರೆ ಸಾಕು ಬೆಕ್ಕು ಸಾಯುವುದಕ್ಕೆ ಎಂದೂ ಎಚ್ಚರಿಸಿದರು. ಹೊಟ್ಟೆಗೆ ನೀರು ಜಾಸ್ತಿ ಹೋಗಬೇಕೆಂದೂ ಹೇಳಿದ್ದರು. ಸಾಕುಬೆಕ್ಕಿನ ಮೂಲ ಆಫ್ರಿಕಾದ ಒಣನೆಲದ ಕಾಡುಬೆಕ್ಕು. ಕಡಿಮೆ ನೀರಲ್ಲೇ ಬದುಕುವ ಮೈ ಅದು, ಮೂತ್ರ ಗಟ್ಟಿಯಾಗುತ್ತದೆ. ಬರೀ ಒಣ ಕಾಳಿನ ಮೇಲೆ ಇಟ್ಟರೆ ಇನ್ನೂ ಗಟ್ಟಿ. ಅವತ್ತಿನಿಂದ ಬೆಲ್ಲನಿಗೆ ಪ್ಯಾಕೆಟ್ಟಿನ ಗ್ರೇವಿ ಊಟ, ಅದಕ್ಕೆ ಎರಡು ಚಮಚ ಬಿಸಿನೀರು. ಅಡುಗೆಮನೆಯಲ್ಲಿದ್ದ ನೀರಿನ ಬಟ್ಟಲಿನ ಜೊತೆ ಹಾಲ್‌ನಲ್ಲೂ ಒಂದನ್ನಿಟ್ಟೆ.

ನೋವು ಇಳಿಯಿತು, ಗುಲಾಬಿ ಬಣ್ಣ ಹೋಯಿತು. ಹಾಸಿಗೆ ಮೇಲೆ ಹೊಯ್ಯುವುದು ಮಾತ್ರ ನಿಲ್ಲಲಿಲ್ಲ.

ಹಾಸಿಗೆಯ ಮಾತು ಬಂತಲ್ಲ, ನಮ್ಮದು ಹತ್ತಿ ಹಾಸಿಗೆ. ಸೋಪಿನ ನೀರಲ್ಲಿ ಒರೆಸಿ ಬಿಸಿಲಿಗೆ ಹಾಕಿದರೆ ವಾಸನೆ ಹೋದ ಹಾಗನ್ನಿಸುತ್ತದೆ. ಒಂದು ಮಳೆ ಬಿದ್ದು ಗಾಳಿ ತೇವವಾದರೆ ಮತ್ತೆ ಗಮ್ಮೆನ್ನುತ್ತದೆ, ಯಾಕೆಂದರೆ ಮೂತ್ರದ ಯೂರಿಕ್ ಆಸಿಡ್ ನೀರಿನಲ್ಲಿ ಸರಿಯಾಗಿ ಕರಗದೆ ಹತ್ತಿಯಲ್ಲೇ ಹರಳಾಗಿ ಕೂತಿರುತ್ತದೆ. ನಮ್ಮ ಮೂಗಿಗೆ ಹತ್ತದಿದ್ದರೂ ಬೆಕ್ಕಿನ ಮೂಗಿಗೆ ಹತ್ತುತ್ತದೆ, ಇದೇ ಜಾಗ ಅಂದುಕೊಂಡು ಅದು ಮತ್ತೆ ಅಲ್ಲಿಗೇ ಬರುತ್ತದೆ. ಪೆಟ್ ಶಾಪಿನಲ್ಲಿ ಸಿಗುವ ಎಂಜೈಮ್ ದ್ರಾವಣ ತಂದು, ಕಲೆಯ ಸುತ್ತಲೂ ಒಂದು ಗೇಣು ಹೆಚ್ಚಿಗೆ ನೆನೆಸಿ, ಒರೆಸದೆ ತಾನಾಗಿಯೇ ಆರಲು ಬಿಟ್ಟ ಮೇಲೆ ವಾಸನೆ ನಿಜವಾಗಿ ಹೋಯಿತು.

ಮನೆಗೆಲಸಕ್ಕೆ ಬರುವ ಲಕ್ಷ್ಮಕ್ಕ ವಾಸನೆಗೆ ಒಂದೇ ಮದ್ದು ನಂಬಿದವರು: ಫಿನಾಯಿಲ್. ಬಕೆಟ್ಟಿಗೆ ಎರಡು ಮುಚ್ಚಳ ಹಾಕಿ ಮನೆಯೆಲ್ಲ ಒರೆಸಲು ಹೊರಟಿದ್ದರು, ಓಡಿಹೋಗಿ ತಡೆದೆ. ಕರಿ ಫಿನಾಯಿಲ್ಲಿನ ಫೀನಾಲ್ ಜಾತಿಯ ರಾಸಾಯನಿಕಗಳು ಬೆಕ್ಕಿಗೆ ವಿಷ, ಬಿಳಿಯದರ ಪೈನ್ ಎಣ್ಣೆಯೂ ಅಷ್ಟೇ. ಇಂಥವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಪ್ಯಾರಾಸಿಟಮಾಲ್ ಅದಕ್ಕೆ ಆಗದಿರುವುದೂ ಇದರಿಂದಲೇ. ಒರೆಸಿದ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿ ಇದು. "ಅಯ್ಯೋ, ನಂಗೇನ್ ಗೊತ್ತಕ್ಕ, ಎಲ್ಲಾ ಮನೇಲೂ ಇದೇ ಹಾಕೋದು," ಅಂದರು ಲಕ್ಷ್ಮಕ್ಕ. ಬೆಕ್ಕಿರುವ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಾಕುತ್ತಿದ್ದಾರೆ ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ಬಾಕ್ಸು. ಪುಸ್ತಕದ ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ಸುವಾಸನೆ ಬೆರೆಸದ ಬೆಂಟೊನೈಟ್ ಲಿಟರ್, ಎರಡಿಂಚು ದಪ್ಪ, ದಿನಕ್ಕೆರಡು ಸಲ ಸೋಸುವುದು. ಕಛ್ ಕಡೆ ಸಿಗುವ ಈ ಜೇಡಿ ಒದ್ದೆಯಾದ ಕೂಡಲೇ ಗಂಟು ಕಟ್ಟುತ್ತದೆ. ಊರಲ್ಲಿ ಅಜ್ಜಿ ಮನೆಯ ಬೆಕ್ಕುಗಳಿಗೆ ಹಿತ್ತಲ ಬೂದಿಗುಂಡಿಯೇ ಸಾಕಾಗಿತ್ತು. ಅಮೆರಿಕದ ಮನೆಗಳಲ್ಲೂ 1947ರಲ್ಲಿ ಎಡ್ವರ್ಡ್ ಲೋ ಎಂಬಾತ ಜೇಡಿಯ ಹರಳು ಮಾರಲು ಶುರುಮಾಡುವ ತನಕ ಬೂದಿ, ಮರಳೇ ಇದ್ದದ್ದು. ಬೆಲ್ಲನೂ ಲಿಟರಿನ ಮೇಲೆ ಮುನಿಸಿಕೊಂಡ ಹಾಗೆ ಕಾಣಲಿಲ್ಲ. ಲಿಟರ್ ಇಷ್ಟವಾಗದ ಬೆಕ್ಕು ಅಂಚಿನ ಮೇಲೆ ಕಾಲಿಟ್ಟು ತೂಗಾಡುತ್ತದೆ, ಕೆದರುವುದಿಲ್ಲ, ಮುಚ್ಚುವುದಿಲ್ಲ. ಇವನು ಚೆನ್ನಾಗಿಯೇ ಕೆದರುತ್ತಿದ್ದ.

ಗುಟ್ಟು ಬಿಚ್ಚಿದ್ದು ಅತ್ತೆಯ ಕ್ಯಾಲೆಂಡರು. ನಮ್ಮ ರೋಡಿಗೆ ದಿನ ಬಿಟ್ಟು ದಿನ ಕಾವೇರಿ ನೀರು. ನೀರು ಬಂದ ದಿನ ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಾರೆ. ಡಾಕ್ಟರಿಗೆ ತೋರಿಸಬೇಕಲ್ಲ ಅಂತ ಬೆಲ್ಲ ಹಾಸಿಗೆ ಒದ್ದೆ ಮಾಡಿದ ದಿನಕ್ಕೆ ನಾನೂ ಅದೇ ಚೌಕದಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದೆ. ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದ ಅತ್ತೆ ಕೈ ಬಿಟ್ಟು ಕ್ಯಾಲೆಂಡರ್ ಹತ್ತಿರ ಹೋಗಿ ನಿಂತರು. "ಬಾರೇ ಇಲ್ಲಿ. ನಿನ್ನ ಚುಕ್ಕೆ ಎಲ್ಲಾ ನನ್ನ ಗೀಟಿನ ಪಕ್ಕದಲ್ಲೇ ಇದೆ ನೋಡು. ನೀರು ಬಂದ ದಿನಾನೇ ಕಣೇ ಇದು ಹೀಗ್ ಮಾಡೋದು."

ನೀರಿಗೂ ಬೆಕ್ಕಿಗೂ ಏನು ಸಂಬಂಧ? ಮುಂದಿನ ನೀರಿನ ದಿನ ಐದೂವರೆಗೇ ಎದ್ದು ಯುಟಿಲಿಟಿಯ ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಬೆಲ್ಲ ಬಂದ, ಮೂಸಿದ, ಬಾಕ್ಸಿನೊಳಗೆ ಇಳಿದು ಮೂಲೆಯಲ್ಲಿ ಗುಂಡಿ ಮಾಡಿದ, ತಿರುಗಿ ಕೂತ. ಅಷ್ಟರಲ್ಲಿ ಗೋಡೆಯ ಆಚೆ ಮೋಟಾರ್ ಆನ್ ಆಯಿತು. ಬೆಲ್ಲ ನಾಲ್ಕೂ ಕಾಲಲ್ಲಿ ಒಟ್ಟಿಗೆ ಹಾರಿ ಹೊರಗೆ ಬಿದ್ದು ಬೆಡ್‌ರೂಮಿಗೆ ಓಡಿದ. ನಾನು ಬಾಕ್ಸಿನ ಅಂಚಿಗೆ ಕೈ ಇಟ್ಟೆ. ಕೈಯೊಳಗೆ ನಡುಕ ಹತ್ತಿತು. ಬದಿಗೆ ಅಂಟಿಕೊಂಡಿದ್ದ ಲಿಟರಿನ ಸಣ್ಣ ಹರಳುಗಳು ಅದುರುತ್ತ ಒಂದೊಂದಾಗಿ ಕೆಳಗೆ ಜಾರುತ್ತಿದ್ದವು.

ಆಗ ಎಲ್ಲವೂ ಹೊಂದಿಕೊಂಡಿತು. ನಾವು ಊರಲ್ಲಿದ್ದಾಗ ಸಂಪಿನೊಳಗಿನ ಹಳೆ ಸಬ್‌ಮರ್ಸಿಬಲ್ ಮೋಟಾರ್ ಸುಟ್ಟುಹೋಗಿತ್ತು. ಅದು ನೀರಲ್ಲಿ ಮುಳುಗಿರುತ್ತಿತ್ತು, ಸದ್ದೇ ಕೇಳುತ್ತಿರಲಿಲ್ಲ. ಅದರ ಬದಲಿಗೆ ಓನರ್ ಮೆಟ್ಟಿಲ ಕೆಳಗೆ ಮಾನೋಬ್ಲಾಕ್, ಅಂದರೆ ನೀರಿನ ಹೊರಗಿಡುವ ಮೋಟಾರ್, ಕೂರಿಸಿದ್ದರು, ಸರಿಯಾಗಿ ನಮ್ಮ ಯುಟಿಲಿಟಿಯ ಗೋಡೆಗೆ. ಮೇಲಕ್ಕೆ ಹೋಗುವ ಪೈಪನ್ನೂ ಅದೇ ಗೋಡೆಗೆ ಕ್ಲಾಂಪ್ ಹಾಕಿ ಬಿಗಿದಿದ್ದರು. ಕಾವೇರಿ ಬರದ ದಿನ ಬೋರಿನ ನೀರು ನೇರ ಮೇಲಿನ ಟ್ಯಾಂಕಿಗೆ ಹೋಗುತ್ತದೆ, ಈ ಮೋಟಾರ್ ಹಾಕುವುದಿಲ್ಲ. ನಮಗೆ ಅದು ಬರೀ ಗುಂಯ್ ಅನ್ನುವ ಸದ್ದು. ನಮ್ಮ ಕಿವಿಗೆ 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿಗೆ 60ಕ್ಕೂ ಮೇಲಿನದು ಕೇಳಿಸುತ್ತದೆ. ಉಚ್ಚೆಗೆ ಕೂತಾಗ ಯಾವ ಪ್ರಾಣಿಗೂ ತಪ್ಪಿಸಿಕೊಳ್ಳುವ ದಾರಿಯದೇ ಚಿಂತೆ. ಆ ಗಳಿಗೆಯಲ್ಲಿ ಕಾಲ ಕೆಳಗಿನ ನೆಲವೇ ನಡುಗಿದರೆ? ಅದರ ಮೇಲೆ ಉರಿಮೂತ್ರದ ನೋವನ್ನೂ ಅವನು ಅನುಭವಿಸಿದ್ದು ಆ ಬಾಕ್ಸಿನಲ್ಲೇ. ಅವನ ಲೆಕ್ಕದಲ್ಲಿ ಅದು ಹೆದರಿಕೆಯೂ ನೋವೂ ಸೇರಿದ ಜಾಗವಾಗಿತ್ತು. ಹಾಸಿಗೆ ಮೆತ್ತಗೆ, ನಿಶ್ಶಬ್ದ, ನಮ್ಮ ಮೈವಾಸನೆ ಇರುವ ಜಾಗ. ಹೆದರಿದವನು ಅಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು!

ಹೊಸ ಬಾಕ್ಸನ್ನು ಹಳೆಯದಕ್ಕಿಂತ ಬೇರೆ ಥರ ಮಾಡಿದೆವು. ಬಾಲ ಬಿಟ್ಟು ಬೆಕ್ಕಿನ ಉದ್ದದ ಒಂದೂವರೆಯಷ್ಟಾದರೂ ಬಾಕ್ಸ್ ಇರಬೇಕು. ಪೆಟ್ ಶಾಪಿನ ಟ್ರೇಗಳು ಅಷ್ಟಿರಲಿಲ್ಲ. ಪ್ಲಾಸ್ಟಿಕ್ ಅಂಗಡಿಯಿಂದ ಕಂಬಳಿ ತುಂಬಿಡುವ ದೊಡ್ಡ ಸ್ಟೋರೇಜ್ ಬಾಕ್ಸ್ ತಂದೆವು. ನಮ್ಮ ಮನೆಯವರು ಒಂದು ಬದಿಯನ್ನು ಗರಗಸದ ಬ್ಲೇಡಿನಿಂದ ತಗ್ಗಾಗಿ ಕೊಯ್ದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದರು. ಎಲ್ಲಿಡುವುದು ಅನ್ನುವುದಕ್ಕೆ ಮನೆಯಲ್ಲಿ ಒಂದಿಷ್ಟು ಮಾತಾಯಿತು. ಹಾಲ್‌ನ ಮೂಲೆ ನನಗೆ ಒಳ್ಳೆಯದೆನಿಸಿತ್ತು, ಆದರೆ ಅದು ದೇವರಮನೆಗೆ ಎದುರು. ಅತ್ತೆಯೇ ತಮ್ಮ ರೂಮಿನ ಬಾಲ್ಕನಿ ಬಾಗಿಲ ಪಕ್ಕದ ಜಾಗ ಬಿಟ್ಟುಕೊಟ್ಟರು. ಎರಡು ಕಡೆ ದಾರಿ, ಸದ್ದಿಲ್ಲ, ಊಟದ ತಟ್ಟೆಯಿಂದ ದೂರ. ಹಳೆಯದನ್ನೂ ತೆಗೆಯಲಿಲ್ಲ. ಬೆಕ್ಕೆಷ್ಟೋ ಅದಕ್ಕಿಂತ ಒಂದು ಬಾಕ್ಸ್ ಹೆಚ್ಚಿಗೆ ಇರಬೇಕು ಅನ್ನುವುದು ಪಶುವೈದ್ಯರೆಲ್ಲ ಹೇಳುವ ಲೆಕ್ಕ.

ಓನರ್ ಅಂಕಲ್‌ಗೂ ಹೇಳಿದೆ. "ಅದಕ್ಕೇನಮ್ಮಾ, ಮೊದಲೇ ಹೇಳ್ಬಾರ್ದಾ," ಅಂದವರು ಅದೇ ವಾರ ಪ್ಲಂಬರನ್ನು ಕರೆಸಿ ಮೋಟಾರಿನ ಕೆಳಗೆ ದಪ್ಪ ರಬ್ಬರ್ ಹಾಕಿಸಿ, ಪೈಪಿನ ಕ್ಲಾಂಪನ್ನು ಗೋಡೆಯಿಂದ ಬಿಡಿಸಿದರು. ನಡುಕ ಬಹುಪಾಲು ಹೋಯಿತು.

ಈಗ ನೀರು ಬರದ ದಿನ ಬೆಲ್ಲ ಯುಟಿಲಿಟಿಗೂ ಹೋಗುತ್ತಾನೆ, ಬಂದ ದಿನ ಅತ್ತೆಯ ರೂಮಿನದೇ. ಹಾಸಿಗೆ ಒಣಗಿದೆ. ಸೋಸಿದ್ದನ್ನು ಕಮೋಡಿಗೆ ಹಾಕುವುದಿಲ್ಲ, ಬೆಂಟೊನೈಟ್ ಉಬ್ಬಿ ಪೈಪ್ ಕಟ್ಟುತ್ತದೆ. ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕಸದ ಆಟೋದವರಿಗೆ ಬೇರೆಯಾಗಿಯೇ ಕೊಡುತ್ತೇವೆ, ಅವರು ಅದನ್ನು ಬರಿಗೈಯಲ್ಲಿ ಬಿಚ್ಚುವ ಹಾಗಾಗಬಾರದು. ಸುತ್ತುವ ಮುಂಚೆ ಗಂಟುಗಳ ಗಾತ್ರ ನೋಡುತ್ತೇನೆ. ದಿನಕ್ಕೆ ಎರಡೋ ಮೂರೋ ದೊಡ್ಡ ಗಂಟಿದ್ದರೆ ಎಲ್ಲ ಸರಿ. ಸಣ್ಣ ಸಣ್ಣವು ಹತ್ತಾರು ಕಂಡರೆ, ಅಥವಾ ಒಂದೂ ಕಾಣದಿದ್ದರೆ, ಬುಟ್ಟಿಗೆ ಟವೆಲ್ ಹಾಸಿ ಆಗಿಂದಾಗಲೇ ಹೆಬ್ಬಾಳಕ್ಕೆ.